ಕಂತು ತೀರಿದರೂ ಬಿಡದ ಬೀಗ

ಅಮೆರಿಕದ ಫೋನುಗಳು ನಮ್ಮ ಅಂಗಡಿಗೆ ಬರುವುದಕ್ಕೆ ಒಂದು ಕಾಲವಿದೆ. ಡಿಸೆಂಬರ್ ಕೊನೆ, ಇಲ್ಲವೇ ಜೂನ್-ಜುಲೈ. ಅಲ್ಲಿನ ಶಾಲೆಗಳಿಗೆ ರಜೆ ಬಿದ್ದು, ಮಕ್ಕಳು-ಮೊಮ್ಮಕ್ಕಳು ಊರಿಗೆ ಬಂದು ಹೋದ ವಾರವೇ ಶಿವಮೊಗ್ಗದ ದುರ್ಗಿಗುಡಿಯ ನನ್ನ ಕೌಂಟರಿಗೆ ಅವು ಒಂದೊಂದಾಗಿ ಬರತೊಡಗುತ್ತವೆ. ಮಗ ಹೊಸದು ತಗೊಂಡ, ಹಳೆಯದನ್ನು ಅಪ್ಪನಿಗೆ ಬಿಟ್ಟುಹೋದ. ಫೋನಿನ ಮೇಲೆ ಒಂದು ಗೀರಿರುವುದಿಲ್ಲ, ಬ್ಯಾಟರಿ ಚೆನ್ನಾಗಿರುತ್ತದೆ, ಕ್ಯಾಮೆರಾ ಬಗ್ಗೆ ಕೇಳಲೇಬೇಡಿ. ಆದರೆ ನಮ್ಮ ಸಿಮ್ ಹಾಕಿದರೆ ಮಾತ್ರ ಒಪ್ಪುವುದಿಲ್ಲ.

ಕಳೆದ ಸಲ ಹೀಗೆ ಬಂದವರು ಒಬ್ಬ ನಿವೃತ್ತ ಮೇಷ್ಟ್ರು. ಮಗಳು ಟೆಕ್ಸಾಸ್‌ನಲ್ಲಿದ್ದಾಳೆ. ಅವಳು ಕೊಟ್ಟುಹೋದ ಐಫೋನಿನ ಟ್ರೇ ತೆಗೆದು, ಅವರ ಬಿಎಸ್‌ಎನ್‌ಎಲ್ ಸಿಮ್ ಕೂರಿಸಿ ಒಳಕ್ಕೆ ತಳ್ಳಿದೆ. ಎರಡು ಕ್ಷಣ ಬಿಟ್ಟು ಪರದೆಯ ಮೇಲೆ ‘ಸಿಮ್ ನಾಟ್ ಸಪೋರ್ಟೆಡ್’ ಎಂದು ಬಂತು.

"ಸಿಮ್ ಹಳೇದಾಯ್ತೇನೋ, ಬೇರೆ ಹಾಕಿ ನೋಡಪ್ಪಾ" ಅಂದರು.

"ಸಿಮ್ ಸರಿಯಾಗೇ ಇದೆ ಮೇಷ್ಟ್ರೇ. ಫೋನ್ ಕಂಪನಿ ಲಾಕ್ ಇದೆ. ಕಂತಲ್ಲಿ ತಗೊಂಡಿದ್ರಾ ಮಗಳು?"

"ಕಂತಲ್ಲೇ. ಆದ್ರೆ ಪೂರಾ ಕಟ್ಟಿ ಮುಗಿಸಿದಾಳಂತೆ. ಆ ಕಂಪನಿ ಬಿಟ್ಟು ಬೇರೆದಕ್ಕೂ ಹೋಗಿಯಾಯ್ತು. ಇನ್ನು ಅವನಿಗೇನು ಹಕ್ಕು ಇದರ ಮೇಲೆ?"

ಆ ಪ್ರಶ್ನೆಗೆ ಉತ್ತರ ಹುಡುಕಿದರೆ ಅಮೆರಿಕದ ಸಂಸತ್ತು, ಅಲ್ಲಿನ ಒಂದು ಗ್ರಂಥಾಲಯ, ಕೊನೆಗೆ ಶ್ವೇತಭವನದವರೆಗೂ ಹೋಗಬೇಕಾಗುತ್ತದೆ. ಮೇಷ್ಟ್ರಿಗೆ ನಾನು ಅವತ್ತು ಹೇಳಿದ್ದು ಅರ್ಧ. ಪೂರ್ತಿ ಕಥೆ ಇಲ್ಲಿದೆ.

ಬೀಗ ಎಲ್ಲಿರುತ್ತದೆ?

ಪ್ರತಿ ಸಿಮ್ಮಿನೊಳಗೂ ಐಎಂಎಸ್‌ಐ ಎಂಬ ಗುರುತಿನ ಸಂಖ್ಯೆ ಇರುತ್ತದೆ, ಸಾಮಾನ್ಯವಾಗಿ 15 ಅಂಕಿಯದು. ಮೊದಲ ಮೂರು ಅಂಕಿ ದೇಶದ್ದು. ನಮ್ಮ ಸಿಮ್ ಆದರೆ 404 ಅಥವಾ 405, ಅಮೆರಿಕದ್ದಾದರೆ 310, 311 ಹೀಗೆ. ಅದರ ಮುಂದಿನ ಎರಡು-ಮೂರು ಅಂಕಿ ಕಂಪನಿಯದು. ಲಾಕ್ ಇರುವ ಫೋನು ಸಿಮ್ ಹಾಕಿದ ಕೂಡಲೇ ಈ ಅಂಕಿಗಳನ್ನು ಓದುತ್ತದೆ. ತನ್ನ ಕಂಪನಿಯದಾದರೆ ಸಿಗ್ನಲ್ ಹಿಡಿಯುತ್ತದೆ, ಇಲ್ಲದಿದ್ದರೆ ಬಾಗಿಲಲ್ಲೇ ನಿಲ್ಲಿಸುತ್ತದೆ. ರೇಡಿಯೋ ಕೆಟ್ಟಿರುವುದಿಲ್ಲ, ಹಾರ್ಡ್‌ವೇರಿಗೆ ಯಾವ ತೊಂದರೆಯೂ ಇರುವುದಿಲ್ಲ. ತಡೆಯುವುದು ಕೆಲವೇ ಸಾಲುಗಳ ಸಾಫ್ಟ್‌ವೇರ್.

ನೋಕಿಯಾ ಕಾಲದಲ್ಲಿ ಇದು ಸುಲಭದ ಕೆಲಸ. ಫೋನಿನ ಐಎಂಇಐ ಸಂಖ್ಯೆ ಹಾಕಿದರೆ ಕಂಪ್ಯೂಟರಿನಲ್ಲಿ ಕೋಡ್ ಬರುತ್ತಿತ್ತು. ಅದನ್ನು ಒತ್ತಿದರೆ ಲಾಕ್ ಹೋಯಿತು. ಆಮೇಲೆ ಬಾಕ್ಸುಗಳ ಕಾಲ ಬಂತು. ನೋಕಿಯಾಗೆ ಜಾಫ್ ಮತ್ತು ಯುಎಫ್‌ಎಸ್, ಸ್ಯಾಮ್‌ಸಂಗ್‌ಗೆ ಝಡ್3ಎಕ್ಸ್, ಎಲ್‌ಜಿಗೆ ಆಕ್ಟೋಪಸ್. ಕೇಬಲ್ ಚುಚ್ಚಿ, ಬಾಕ್ಸ್‌ಗೆ ಜೋಡಿಸಿ, ಕಾಯುತ್ತಾ ಕೂತರೆ ಕೆಲಸ ಆಗುತ್ತಿತ್ತು. ಬೆಂಗಳೂರಿನ ನ್ಯಾಷನಲ್ ಮಾರ್ಕೆಟ್, ಎಸ್.ಪಿ. ರೋಡ್ ಕಡೆ ಹೋದರೆ ಇಂಥ ಬಾಕ್ಸುಗಳೂ ಸಿಗುತ್ತಿದ್ದವು, ಅದನ್ನು ಕಲಿಸುವ ಹುಡುಗರೂ ಸಿಗುತ್ತಿದ್ದರು. ನನ್ನವು ಈಗ ಡ್ರಾಯರಿನಲ್ಲಿ ಧೂಳು ತಿನ್ನುತ್ತಿವೆ. ಐಫೋನ್ ಲಾಕ್ ಆಗಿದೆಯೋ ಇಲ್ಲವೋ ಎಂಬ ಲೆಕ್ಕ ಇರುವುದು ಆ್ಯಪಲ್ ಕಂಪನಿಯ ಸರ್ವರಿನಲ್ಲಿ. ಮೊಬೈಲ್ ಕಂಪನಿ ‘ಬಿಡಿ’ ಎಂದು ಹೇಳಿದರೆ ಮಾತ್ರ ಅಲ್ಲಿ ಬಿಡುತ್ತಾರೆ. ಸಿಮ್ಮಿನ ಮೇಲೆ ಅಂಟಿಸುವ ಕಾಗದದಷ್ಟು ತೆಳ್ಳನೆಯ ಚಿಪ್ ಬರುತ್ತದೆ, ‘ಆರ್-ಸಿಮ್’ ಅಂತಾರೆ. ಅದು ಫೋನಿಗೆ ಸುಳ್ಳು ಹೇಳಿ ಒಪ್ಪಿಸುತ್ತದೆ. ಮುಂದಿನ ಸಾಫ್ಟ್‌ವೇರ್ ಅಪ್‌ಡೇಟ್ ಬಂದ ದಿನ ಗಿರಾಕಿ ಮತ್ತೆ ಅಂಗಡಿ ಮುಂದೆ ನಿಂತಿರುತ್ತಾರೆ. ಅಮೆರಿಕದಲ್ಲಿ 2022ರ ಐಫೋನ್ 14ರಿಂದ ಸಿಮ್ ಟ್ರೇಯನ್ನೇ ತೆಗೆದುಬಿಟ್ಟಿದ್ದರಿಂದ ಆ ಉಪಾಯಕ್ಕೂ ಜಾಗವಿಲ್ಲ.

ಸಿನಿಮಾ ಕಳ್ಳತನದ ಕಾನೂನು ಫೋನಿಗೆ ಬಂದದ್ದು

ಇಂಥ ಬೀಗವನ್ನು ಸ್ವಂತ ಫೋನಿನಿಂದ ತೆಗೆದರೂ ಅಪರಾಧವಾಗುವಂಥ ಕಾನೂನು ಅಮೆರಿಕದಲ್ಲಿ ಇತ್ತು. ಅದನ್ನು ಮಾಡಿದವರ ತಲೆಯಲ್ಲಿ ಮೊಬೈಲ್ ಫೋನ್ ಇರಲೇ ಇಲ್ಲ.

1998ರ ಅಕ್ಟೋಬರ್‌ನಲ್ಲಿ ಅಧ್ಯಕ್ಷ ಕ್ಲಿಂಟನ್ ಸಹಿ ಹಾಕಿದ ಡಿಜಿಟಲ್ ಮಿಲೆನಿಯಮ್ ಕಾಪಿರೈಟ್ ಕಾಯ್ದೆ, ಚಿಕ್ಕದಾಗಿ ಡಿಎಂಸಿಎ, ಸಿನಿಮಾ ಮತ್ತು ಸಂಗೀತ ಕಂಪನಿಗಳ ಭಯದಿಂದ ಹುಟ್ಟಿದ್ದು. ಡಿವಿಡಿಗೆ ಹಾಕಿದ ರಕ್ಷಣೆಯನ್ನು ಮುರಿದು ಜನ ಸಿನಿಮಾ ನಕಲು ಮಾಡಿಕೊಳ್ಳುತ್ತಾರೆ ಎಂಬ ಭಯ. ಹಾಗಾಗಿ ಅದರ 1201ನೇ ಸೆಕ್ಷನ್, ಕೃತಿಸ್ವಾಮ್ಯವಿರುವ ಕೃತಿಗೆ ಹಾಕಿದ ತಾಂತ್ರಿಕ ಬೀಗವನ್ನು ಮುರಿಯುವುದನ್ನೇ ನಿಷೇಧಿಸಿತು. ಮುರಿದ ಮೇಲೆ ನೀವು ನಕಲು ಮಾಡಿದಿರೋ ಇಲ್ಲವೋ ಎಂದು ಆ ಸೆಕ್ಷನ್ ಕೇಳುವುದಿಲ್ಲ. ಮುರಿದದ್ದೇ ತಪ್ಪು.

ಸಾಫ್ಟ್‌ವೇರ್ ಕೂಡ ಕಾನೂನಿನ ಕಣ್ಣಿಗೆ ‘ಕೃತಿ’ಯೇ. ಫೋನಿನೊಳಗೆ ಸಾಫ್ಟ್‌ವೇರ್ ಇದೆ. ಅದಕ್ಕೆ ಬೀಗ ಹಾಕಿದೆ. ಬೀಗ ತೆಗೆದವನು ಕಾಯ್ದೆ ಮುರಿದ ಹಾಗೆ! ಈ ತರ್ಕ ಹಿಡಿದು ಹೊರಟವರು ಫೋನಿನವರು ಮಾತ್ರ ಅಲ್ಲ. ಲೆಕ್ಸ್‌ಮಾರ್ಕ್ ಎಂಬ ಪ್ರಿಂಟರ್ ಕಂಪನಿ, ಬೇರೆಯವರು ತಯಾರಿಸಿದ ಟೋನರ್ ಕಾರ್ಟ್ರಿಜ್ ತನ್ನ ಯಂತ್ರದಲ್ಲಿ ಕೆಲಸ ಮಾಡುವಂತೆ ಮಾಡಿದ್ದಕ್ಕೆ ಇದೇ ಕಾಯ್ದೆಯಡಿ ಕೋರ್ಟಿಗೆ ಹೋಯಿತು. ಚೇಂಬರ್‌ಲೇನ್ ಎಂಬ ಕಂಪನಿ, ತನ್ನ ಗ್ಯಾರೇಜ್ ಬಾಗಿಲು ತೆರೆಯುವ ರಿಮೋಟನ್ನು ಇನ್ನೊಬ್ಬರು ಮಾಡಿ ಮಾರಿದ್ದಕ್ಕೆ ದಾವೆ ಹೂಡಿತು. ಮೇಲ್ಮನವಿ ನ್ಯಾಯಾಲಯಗಳು 2004ರಲ್ಲಿ ಇಬ್ಬರ ವಾದವನ್ನೂ ಒಪ್ಪಲಿಲ್ಲ. ಆದರೆ ಪ್ರಿಂಟರಿನವರಿಗೆ, ಗ್ಯಾರೇಜಿನವರಿಗೆ ಕೋರ್ಟಿನಲ್ಲಿ ಹೊಡೆದಾಡುವ ತಾಕತ್ತಿನ ಎದುರಾಳಿಗಳಿದ್ದರು. ಫೋನ್ ರಿಪೇರಿ ಮಾಡುವ ಹುಡುಗನಿಗೆ ವಕೀಲರ ನೋಟಿಸ್ ಒಂದೇ ಸಾಕು, ಅಂಗಡಿ ಮುಚ್ಚುತ್ತಾನೆ. ವ್ಯಾಪಾರದ ಲಾಭಕ್ಕಾಗಿ ಬೇಕೆಂದೇ ಮಾಡಿದರೆ ಮೊದಲ ಸಲಕ್ಕೇ 5 ಲಕ್ಷ ಡಾಲರ್‌ವರೆಗೆ ದಂಡ, 5 ವರ್ಷದವರೆಗೆ ಜೈಲು ಎಂದು ಆ ಕಾಯ್ದೆಯಲ್ಲಿ ಬರೆದಿದೆ.

ಅಂಥ ನೋಟಿಸ್ ಪಡೆದವರಲ್ಲಿ ಸೀನಾ ಖನೀಫರ್ ಎಂಬ ವಿದ್ಯಾರ್ಥಿಯೂ ಒಬ್ಬ. 2000ರ ದಶಕದ ಮಧ್ಯದಲ್ಲಿ ಮೊಟೊರೋಲಾ ಫೋನುಗಳ ಲಾಕ್ ತೆಗೆಯುವ ಸಣ್ಣ ವ್ಯಾಪಾರ ಮಾಡುತ್ತಿದ್ದ. ಕಂಪನಿಯಿಂದ ಡಿಎಂಸಿಎ ಹೆಸರು ಹೇಳುವ ಪತ್ರ ಬಂತು. ಜೆನಿಫರ್ ಗ್ರಾನಿಕ್ ಎಂಬ ವಕೀಲೆ ಶುಲ್ಕವಿಲ್ಲದೆ ಅವನ ಪರ ನಿಂತರು. ಆ ಹುಡುಗನ ಹೆಸರು ಮುಂದೆ ಮತ್ತೆ ಬರುತ್ತದೆ.

ಗ್ರಂಥಪಾಲಕರ ಅಪ್ಪಣೆ

ಈ ಕಾಯ್ದೆಯಲ್ಲಿ ಒಂದು ಕಿಂಡಿ ಇಟ್ಟಿದ್ದರು. ಮೂರು ವರ್ಷಕ್ಕೊಮ್ಮೆ ‘ಲೈಬ್ರರಿಯನ್ ಆಫ್ ಕಾಂಗ್ರೆಸ್’, ಅಂದರೆ ಅಮೆರಿಕದ ಸಂಸತ್ತಿನ ಗ್ರಂಥಾಲಯದ ಮುಖ್ಯಸ್ಥರು, ಯಾವ ಯಾವ ಬೀಗ ತೆಗೆದರೆ ತಪ್ಪಲ್ಲ ಎಂದು ವಿನಾಯಿತಿ ಪಟ್ಟಿ ಹೊರಡಿಸಬಹುದು. ಅಮೆರಿಕದ ಕಾಪಿರೈಟ್ ಕಚೇರಿ ಅದೇ ಗ್ರಂಥಾಲಯದ ಅಂಗ, ಅದಕ್ಕೇ ಈ ಏರ್ಪಾಡು. ಕೋಟ್ಯಂತರ ಜನರ ಫೋನಿನ ಹಣೆಬರಹ ಗ್ರಂಥಪಾಲಕರ ಕೈಗೆ ಬಂದದ್ದು ಹೀಗೆ.

2006ರಲ್ಲಿ ಮೊದಲ ಸಲ ಫೋನ್ ಅನ್‌ಲಾಕ್‌ಗೆ ವಿನಾಯಿತಿ ಸಿಕ್ಕಿತು. ಅದಕ್ಕಾಗಿ ವಾದಿಸಿದವರು ಇದೇ ಗ್ರಾನಿಕ್. ಮರುವರ್ಷ ಐಫೋನ್ ಬಂತು, ಎಟಿ ಆ್ಯಂಡ್ ಟಿ ಕಂಪನಿಗೆ ಮಾತ್ರ ಮೀಸಲಾಗಿ. ಎರಡೇ ತಿಂಗಳಲ್ಲಿ ನ್ಯೂಜೆರ್ಸಿಯ 17 ವರ್ಷದ ಜಾರ್ಜ್ ಹಾಟ್ಜ್ ಅದರ ಬೀಗ ತೆಗೆದು ತೋರಿಸಿದ. ಹಾಗೆ ಅನ್‌ಲಾಕ್ ಆದ ಒಂದು ಫೋನನ್ನು ಕೊಟ್ಟು ಒಂದು ನಿಸ್ಸಾನ್ 350ಝಡ್ ಕಾರನ್ನೂ ಮೂರು ಹೊಸ ಐಫೋನುಗಳನ್ನೂ ಪಡೆದ. ಕಂಪನಿಗಳು ಹಲ್ಲು ಕಡಿದಿರಬಹುದು, ವಿನಾಯಿತಿ ಜಾರಿಯಲ್ಲಿತ್ತು. 2010ರಲ್ಲೂ ಅದು ಮುಂದುವರಿಯಿತು.

ಕಲ್ಲು ಬಿದ್ದದ್ದು 2012ರಲ್ಲಿ. ಆಗ ಲೈಬ್ರರಿಯನ್ ಆಗಿದ್ದ ಜೇಮ್ಸ್ ಬಿಲ್ಲಿಂಗ್ಟನ್ ಹೊರಡಿಸಿದ ಆದೇಶದ ಪ್ರಕಾರ, 2013ರ ಜನವರಿ 26ರ ನಂತರ ಕೊಂಡ ಫೋನುಗಳಿಗೆ ವಿನಾಯಿತಿ ಇಲ್ಲ. ಕಾರಣ ಎರಡು. ಲಾಕ್ ಇಲ್ಲದ ಫೋನುಗಳು ಮಾರುಕಟ್ಟೆಯಲ್ಲಿ ಬೇಕಾದಷ್ಟು ಸಿಗುತ್ತವೆ, ಕಂಪನಿಗಳೂ ಕೇಳಿದರೆ ತೆಗೆದುಕೊಡುತ್ತಿವೆ ಎಂಬುದು ಒಂದು. ಇನ್ನೊಂದು, ಸಾಫ್ಟ್‌ವೇರನ್ನು ಗಿರಾಕಿ ‘ಕೊಂಡಿಲ್ಲ’, ಬಳಸಲು ಪರವಾನಗಿ ಪಡೆದಿದ್ದಾನೆ ಅಷ್ಟೆ ಎಂಬ ಅಲ್ಲಿನ ಇತ್ತೀಚಿನ ಕೋರ್ಟು ತೀರ್ಪುಗಳು. ಅಂದರೆ ಕೈಯಲ್ಲಿರುವ ಗಾಜು-ಲೋಹ ನಿಮ್ಮದು, ಅದನ್ನು ಫೋನಾಗಿಸುವ ವಸ್ತು ನಿಮ್ಮದಲ್ಲ. ಮೇಷ್ಟ್ರ ‘ಅವನಿಗೇನು ಹಕ್ಕು’ ಎಂಬ ಪ್ರಶ್ನೆಗೆ ಕಾನೂನು ಕೊಟ್ಟ ಉತ್ತರ ಇದೇ.

ಜನ ಕೆರಳಿದರು

ಖನೀಫರ್ ಮತ್ತೆ ಬಂದ. ಶ್ವೇತಭವನಕ್ಕೆ ಸಾರ್ವಜನಿಕರು ನೇರವಾಗಿ ಅರ್ಜಿ ಹಾಕುವ ವ್ಯವಸ್ಥೆ ಆಗ ಇತ್ತು. ಒಂದು ಲಕ್ಷ ಸಹಿ ಬಿದ್ದರೆ ಸರ್ಕಾರ ಉತ್ತರಿಸಬೇಕು. ಅನ್‌ಲಾಕ್ ಕಾನೂನುಬದ್ಧ ಮಾಡಿ ಎಂಬ ಅವನ ಅರ್ಜಿಗೆ 1.14 ಲಕ್ಷ ಸಹಿ ಬಿದ್ದವು. 2013ರ ಮಾರ್ಚ್ 4ರಂದು ಒಬಾಮ ಸರ್ಕಾರ ಉತ್ತರ ಕೊಟ್ಟಿತು: ಅರ್ಜಿದಾರರ ಮಾತು ಸರಿ, ಫೋನಿನ ಹಣ ಕಟ್ಟಿ, ಒಪ್ಪಂದದ ಹೊಣೆ ಮುಗಿದವರು ಬೇರೆ ಕಂಪನಿಯಲ್ಲಿ ಅದನ್ನು ಬಳಸುವಂತಾಗಬೇಕು. ಆಮೇಲೆ ಸೆನೆಟರ್ ಪ್ಯಾಟ್ರಿಕ್ ಲೇಹಿ ಮಂಡಿಸಿದ ಮಸೂದೆ ಎರಡೂ ಸದನಗಳಲ್ಲಿ ಪಾಸಾಯಿತು. 2014ರ ಆಗಸ್ಟ್ 1ರಂದು ಒಬಾಮ ಸಹಿ ಹಾಕಿದರು.

ಈ ಕಾಯ್ದೆಯಿಂದ ಎರಡು ಅನುಕೂಲವಾಯಿತು. ಹಳೆಯ ವಿನಾಯಿತಿ ಮರಳಿತು. ಮಾಲೀಕ ಹೇಳಿದರೆ ನನ್ನಂಥ ಅಂಗಡಿಯವನೂ ಅವನ ಪರವಾಗಿ ಬೀಗ ತೆಗೆಯಬಹುದು ಎಂದಾಯಿತು. ಆದರೆ ಬೀಗ ತೆಗೆದುಕೊಡಲೇಬೇಕು ಎಂದು ಈ ಕಾಯ್ದೆ ಕಂಪನಿಗಳಿಗೆ ಹೇಳಲಿಲ್ಲ. ಬೀಗ ತೆಗೆಯುವ ಸಾಧನಗಳನ್ನು ಮಾರುವುದರ ಮೇಲೆ ಡಿಎಂಸಿಎಯಲ್ಲಿ ಬೇರೆಯೇ ನಿಷೇಧವಿದೆ, ಅದೂ ಹಾಗೇ ಉಳಿಯಿತು. ಮುರಿದರೆ ಜೈಲಿಲ್ಲ, ಸರಿ. ಮುರಿಯುವ ಉಪಕರಣ ಕೊಡುವವರಿಲ್ಲ, ಕೀಲಿ ಕೊಡುವ ಹೊಣೆಯೂ ಯಾರಿಗೂ ಇಲ್ಲ. ವಿನಾಯಿತಿ ಕೂಡ ಶಾಶ್ವತವಲ್ಲ, ಮೂರು ವರ್ಷಕ್ಕೊಮ್ಮೆ ನವೀಕರಣ ಆಗುತ್ತಲೇ ಇರಬೇಕು. 2015ರಲ್ಲಿ ಟ್ಯಾಬ್ಲೆಟ್‌ನಂಥವೂ ಪಟ್ಟಿಗೆ ಸೇರಿದವು, 2021ರಲ್ಲಿ ಅದನ್ನು ವೈರ್‌ಲೆಸ್ ಸಾಧನಗಳಿಗೆಲ್ಲ ವಿಸ್ತರಿಸಿದರು.

ಕೀಲಿ ಕೊಡುವ ಮಾತಿಗೆ ಬಂದದ್ದು ದೂರಸಂಪರ್ಕ ನಿಯಂತ್ರಕ ಎಫ್‌ಸಿಸಿ. ಅದರ ಅಧ್ಯಕ್ಷರಾಗಿದ್ದ ಟಾಮ್ ವೀಲರ್ ಒತ್ತಡ ಹಾಕಿದ ಮೇಲೆ 2013ರ ಡಿಸೆಂಬರ್‌ನಲ್ಲಿ ದೊಡ್ಡ ಕಂಪನಿಗಳು ತಾವಾಗಿಯೇ ಕೆಲವು ಸೂತ್ರಗಳನ್ನು ಒಪ್ಪಿಕೊಂಡವು: ಹಣ ತೀರಿದವರು ಕೇಳಿದರೆ ತೆಗೆದುಕೊಡುತ್ತೇವೆ, ಎರಡು ಕೆಲಸದ ದಿನಗಳೊಳಗೆ ಉತ್ತರಿಸುತ್ತೇವೆ, ಇತ್ಯಾದಿ. ಒಪ್ಪಿಕೊಂಡದ್ದು, ಆಜ್ಞೆಯಲ್ಲ. ಎಲ್ಲ ಕಂಪನಿಗಳೂ 60 ದಿನದಲ್ಲಿ ಲಾಕ್ ತೆಗೆಯಬೇಕೆಂಬ ನಿಯಮವನ್ನು 2024ರ ಜುಲೈನಲ್ಲಿ ಎಫ್‌ಸಿಸಿ ಪ್ರಸ್ತಾಪಿಸಿತು. ಇತ್ತ ತರಂಗಾಂತರ ಹರಾಜಿನ ಷರತ್ತಿನಿಂದಾಗಿ ಹಿಂದಿನಿಂದಲೂ ಲಾಕ್ ಹಾಕುವಂತಿರದಿದ್ದ ವೆರೈಝನ್, 60 ದಿನದ ಲಾಕಿಗೆ 2019ರಲ್ಲಿ ಅನುಮತಿ ಪಡೆದು, 2025ರಲ್ಲಿ ಅದನ್ನೂ ಸಡಿಲಿಸಿ ಎಂದು ಕೇಳಿತು.

ಕಂಪನಿಯ ಕಡೆಯ ಮಾತು

ಅವರ ಮಾತನ್ನೂ ಕೇಳಬೇಕು, ವ್ಯಾಪಾರ ನನಗೂ ಗೊತ್ತು. ಅಮೆರಿಕದಲ್ಲಿ ಫೋನನ್ನು ಕಂಪನಿಗಳು ಕಂತಿನಲ್ಲಿ, ಎಷ್ಟೋ ಸಲ ಅಸಲಿಗಿಂತ ಕಡಿಮೆಗೆ, ಕೆಲವೊಮ್ಮೆ ಬಿಟ್ಟಿಯಾಗಿಯೇ ಕೊಡುತ್ತವೆ. ಆ ನಷ್ಟ ತುಂಬಿಕೊಳ್ಳುವುದು ತಿಂಗಳ ಬಿಲ್ಲಿನಲ್ಲಿ. ಟ್ರಾಕ್‌ಫೋನ್ ಎಂಬ ಪ್ರೀಪೇಯ್ಡ್ ಕಂಪನಿಯ ಅಗ್ಗದ ಫೋನುಗಳನ್ನು ದೊಡ್ಡ ಅಂಗಡಿಗಳಿಂದ ರಾಶಿ ರಾಶಿ ಕೊಂಡು, ಲಾಕ್ ತೆಗೆದು, ಬೇರೆ ದೇಶಕ್ಕೆ ಸಾಗಿಸುವ ದಂಧೆಯೇ ನಡೆದಿತ್ತು. ಅಂಥವರ ಮೇಲೆ ಆ ಕಂಪನಿ ಸಾಲುಸಾಲು ಮೊಕದ್ದಮೆ ಹೂಡಿತು. ಕದ್ದ ಫೋನ್, ಸುಳ್ಳು ಹೆಸರಲ್ಲಿ ಕೊಂಡು ಕಂತು ಕಟ್ಟದೆ ಮಾಯವಾದವರ ಫೋನ್ ಕೂಡ ಇದೇ ದಾರಿ ಹಿಡಿಯುತ್ತವೆ. ಬಾಕಿ ಇರುವಷ್ಟು ದಿನ ಬೀಗ ಇರಲಿ ಎಂದರೆ ಅದರಲ್ಲಿ ಅನ್ಯಾಯವೇನೂ ಇಲ್ಲ.

ನನ್ನ ತಕರಾರು ಬಾಕಿ ತೀರಿದ ಮೇಲಿನದು. ಬ್ಯಾಂಕ್ ಸಾಲದಲ್ಲಿ ಬೈಕ್ ತಗೊಂಡರೆ ಆರ್‌ಸಿಯಲ್ಲಿ ಬ್ಯಾಂಕಿನ ಹೆಸರಿರುತ್ತದೆ. ತೀರಿದ ದಿನ ಎನ್‌ಒಸಿ ಕೊಡುತ್ತಾರೆ, ಆರ್‌ಟಿಓಗೆ ಹೋಗಿ ಹೆಸರು ತೆಗೆಸುತ್ತೇವೆ. ಸಾಲ ಇರುವಾಗಲೂ ಇಂಥದ್ದೇ ಬಂಕಿನಲ್ಲಿ ಪೆಟ್ರೋಲ್ ಹಾಕಿಸು ಎಂದು ಬ್ಯಾಂಕ್ ಹೇಳುವುದಿಲ್ಲ. ಸಾಲ ವಸೂಲಿಗೆ ಒಪ್ಪಂದವಿದೆ, ಕೋರ್ಟಿದೆ, ಅಮೆರಿಕದಲ್ಲಂತೂ ಕ್ರೆಡಿಟ್ ಸ್ಕೋರ್ ಎಂಬ ಚಾಟಿ ಇದೆ. ಕಂತು ಮುಗಿದ ಮೇಲೂ ಅರ್ಜಿ ಹಾಕುವವರೆಗೆ ಉಳಿಯುವ ಬೀಗದಿಂದ ಸಾಲ ವಸೂಲಾಗುವುದಿಲ್ಲ. ಅದರ ಉಪಯೋಗ ಒಂದೇ: ಗಿರಾಕಿ ಎದ್ದು ಹೋಗದಂತೆ ನೋಡಿಕೊಳ್ಳುವುದು.

ಬೀಗವನ್ನೇ ಬೇಡವೆಂದವರು

ಬೀಗವಿಲ್ಲದೆ ವ್ಯಾಪಾರ ನಡೆಯುವುದಿಲ್ಲ ಎಂಬ ಮಾತಿಗೆ ಕೆನಡಾ ಒಳ್ಳೆಯ ಉತ್ತರ. ಅಲ್ಲಿ ಲಾಕ್ ತೆಗೆಯಲು 50 ಡಾಲರ್‌ನಷ್ಟು ಶುಲ್ಕ ವಸೂಲಿ ಮಾಡುತ್ತಿದ್ದರು. 2016ರಲ್ಲಿ ಈ ಬಾಬ್ತಿನಿಂದಲೇ ಕಂಪನಿಗಳಿಗೆ ಸುಮಾರು 3.77 ಕೋಟಿ ಕೆನಡಾ ಡಾಲರ್ ಬಂದಿತ್ತು. ತಾವೇ ಹಾಕಿದ ಬೀಗ ತೆಗೆಯಲು ತಾವೇ ಕೂಲಿ! ಅಲ್ಲಿನ ನಿಯಂತ್ರಕ ಸಿಆರ್‌ಟಿಸಿ 2017ರ ಡಿಸೆಂಬರ್ 1ರಿಂದ ಹೊಸ ಫೋನುಗಳನ್ನು ಲಾಕ್ ಇಲ್ಲದೆಯೇ ಮಾರಬೇಕು, ಹಳೆಯವನ್ನು ಕೇಳಿದವರಿಗೆ ಪುಕ್ಕಟೆ ಅನ್‌ಲಾಕ್ ಮಾಡಿಕೊಡಬೇಕು ಎಂದು ಆಜ್ಞೆ ಮಾಡಿತು. ಜಪಾನ್ 2021ರ ಅಕ್ಟೋಬರ್‌ನಿಂದ, ಬ್ರಿಟನ್ ಅದೇ ಡಿಸೆಂಬರ್‌ನಿಂದ ಇದೇ ದಾರಿ ಹಿಡಿದವು. ಕಂಪನಿ ಬದಲಿಸುವುದು ಬೇಡವೆಂದು ನಿರ್ಧರಿಸಿದವರಲ್ಲಿ ಮೂರನೇ ಒಂದಕ್ಕಿಂತ ಹೆಚ್ಚು ಮಂದಿ ಈ ಅನ್‌ಲಾಕ್ ತಾಪತ್ರಯಕ್ಕೆ ಹಿಂಜರಿದವರು ಎಂದು ಬ್ರಿಟನ್ನಿನ ನಿಯಂತ್ರಕ ಆಫ್‌ಕಾಮ್ ಹೇಳಿತ್ತು. ಮೂರೂ ದೇಶಗಳಲ್ಲಿ ಫೋನುಗಳು ಇವತ್ತಿಗೂ ಕಂತಿನಲ್ಲಿ ಮಾರಾಟವಾಗುತ್ತಿವೆ.

ನಮ್ಮಲ್ಲಿ ಹೇಗೆ?

ನಮ್ಮವರು ಫೋನನ್ನು ಒಂದು ಕಡೆ, ಸಿಮ್ಮನ್ನು ಇನ್ನೊಂದು ಕಡೆ ಕೊಳ್ಳುವವರು. ಹಾಗಾಗಿ ಲಾಕ್ ಎಂಬುದು ಇಲ್ಲಿ ಬೇರೂರಲಿಲ್ಲ. ಅಪವಾದಗಳಿದ್ದವು: 2003ರಲ್ಲಿ ರಿಲಯನ್ಸ್ 501 ರೂಪಾಯಿಯ ಯೋಜನೆಯಲ್ಲಿ ಹಂಚಿದ ಸಿಡಿಎಂಎ ಸೆಟ್ಟುಗಳಿಗೆ ತೆಗೆದು ಹಾಕುವ ಸಿಮ್ಮೇ ಇರಲಿಲ್ಲ, 2017ರಲ್ಲಿ 1,500 ರೂಪಾಯಿ ಠೇವಣಿಗೆ ಬಂದ ಜಿಯೋಫೋನ್ ಜಿಯೋ ಸಿಮ್ ಬಿಟ್ಟು ಬೇರೆ ಮುಟ್ಟುತ್ತಿರಲಿಲ್ಲ.

ಕಾನೂನಿನ ವಿಷಯದಲ್ಲೂ ನಾವು ಅಮೆರಿಕದ ಹಾದಿ ಹಿಡಿಯಲಿಲ್ಲ. ನಮ್ಮ ಕೃತಿಸ್ವಾಮ್ಯ ಕಾಯ್ದೆಗೆ 2012ರಲ್ಲಿ ಸೇರಿಸಿದ 65ಎ ಸೆಕ್ಷನ್ ತಾಂತ್ರಿಕ ಬೀಗ ಮುರಿದವರಿಗೆ ಎರಡು ವರ್ಷದವರೆಗೆ ಜೈಲು ಎನ್ನುತ್ತದೆ. ಆದರೆ ಅದರಲ್ಲಿ ‘ಕೃತಿಸ್ವಾಮ್ಯದ ಹಕ್ಕನ್ನು ಉಲ್ಲಂಘಿಸುವ ಉದ್ದೇಶದಿಂದ’ ಎಂಬ ಷರತ್ತಿದೆ. ಅಪ್ಪನ ಸಿಮ್ ಹಾಕಿ ಮಗಳಿಗೆ ಫೋನ್ ಮಾಡುವ ಉದ್ದೇಶಕ್ಕೂ ಕೃತಿಚೌರ್ಯಕ್ಕೂ ಸಂಬಂಧವಿಲ್ಲ. ಈ ಒಂದು ಷರತ್ತು 1998ರಲ್ಲೇ ಅಮೆರಿಕದ ಸೆಕ್ಷನ್ನಿನಲ್ಲಿ ಇದ್ದಿದ್ದರೆ ಮೇಲಿನ ಕಥೆಯ ಮುಕ್ಕಾಲು ಪಾಲು ನಡೆಯುತ್ತಲೇ ಇರಲಿಲ್ಲ.

ಅಂಗಡಿಗೆ ಬರುವವರು ಮೂರು ಬೇರೆ ಬೇರೆ ಕೆಲಸಗಳನ್ನು ಒಂದೇ ಎಂದುಕೊಂಡಿರುತ್ತಾರೆ. ಕಂಪನಿ ಲಾಕ್ ತೆಗೆಸುವುದು ಒಂದು. ಹಿಂದಿನ ಮಾಲೀಕರ ಪಾಸ್‌ವರ್ಡ್ ಕೇಳುವ ಐಕ್ಲೌಡ್ ಲಾಕ್ ಇನ್ನೊಂದು. ಅದನ್ನು ಆ ಮಾಲೀಕರೇ ಬಿಡಬೇಕು, ಇಲ್ಲದಿದ್ದರೆ ಫೋನ್ ಎಲ್ಲಿಂದ ಬಂತೆಂದು ನಾನು ಕೇಳಬೇಕಾಗುತ್ತದೆ. ಮೂರನೆಯದು ಐಎಂಇಐ ಬದಲಿಸುವುದು. ಅದನ್ನು ಕೈಯಲ್ಲೂ ಮುಟ್ಟುವಂತಿಲ್ಲ. 2023ರ ದೂರಸಂಪರ್ಕ ಕಾಯ್ದೆಯ ಪ್ರಕಾರ ಅದಕ್ಕೆ ಮೂರು ವರ್ಷದವರೆಗೆ ಜೈಲು, 50 ಲಕ್ಷ ರೂಪಾಯಿವರೆಗೆ ದಂಡ. "ಅಣ್ಣಾ, ಒಂದು ನಂಬರ್ ತಾನೆ" ಅನ್ನುವ ಹುಡುಗರಿಗೆ ನಾನು ತೋರಿಸುವುದು ಬಾಗಿಲು.

ವಿಮಾನ ಹತ್ತುವ ಮೊದಲು

ಹೊರದೇಶದಿಂದ ಫೋನ್ ತರುವ ಮಕ್ಕಳು ಅಲ್ಲೇ ಇರುವಾಗ ಮಾಡಬೇಕಾದ್ದು ಇಷ್ಟು. ಐಫೋನ್ ಆದರೆ ಸೆಟ್ಟಿಂಗ್ಸ್, ಜನರಲ್, ಅಬೌಟ್‌ಗೆ ಹೋಗಿ ‘ಕ್ಯಾರಿಯರ್ ಲಾಕ್’ ಎಂಬ ಸಾಲು ನೋಡಿ. ‘ನೋ ಸಿಮ್ ರಿಸ್ಟ್ರಿಕ್ಷನ್ಸ್’ ಎಂದಿದ್ದರೆ ಧೈರ್ಯವಾಗಿ ತನ್ನಿ. ಆಂಡ್ರಾಯ್ಡ್ ಆದರೆ ಗೆಳೆಯರ ಬೇರೆ ಕಂಪನಿಯ ಸಿಮ್ ಹಾಕಿ ನೋಡಿ. ‘ನೆಟ್‌ವರ್ಕ್ ಅನ್‌ಲಾಕ್ ಪಿನ್’ ಕೇಳಿದರೆ ಲಾಕ್ ಇದೆ. ಆಗ ಕಂತಿನ ಬಾಕಿ ಎಷ್ಟೆಂದು ನೋಡಿ. ‘ಬಿಟ್ಟಿ ಫೋನ್’ ಯೋಜನೆಗಳಲ್ಲಿ ರಿಯಾಯಿತಿಯನ್ನು 24 ಅಥವಾ 36 ತಿಂಗಳ ಬಿಲ್ಲಿಗೆ ಹಂಚಿರುತ್ತಾರೆ, ಮುಂಚೆಯೇ ಕಟ್ಟಿ ಮುಗಿಸಿದರೆ ಉಳಿದ ರಿಯಾಯಿತಿ ಹೋಗಬಹುದು. ಬಾಕಿ ಇಲ್ಲವೆಂದಾದರೆ ಆ ಕಂಪನಿಗೆ ಅನ್‌ಲಾಕ್ ಅರ್ಜಿ ಹಾಕಿ, ಐಕ್ಲೌಡ್‌ನಿಂದ ಹೊರಬಂದು, ಬಿಲ್ಲಿನ ಒಂದು ಪ್ರತಿ ಜೊತೆಗಿಟ್ಟುಕೊಂಡು ವಿಮಾನ ಹತ್ತಿ.

ಮೇಷ್ಟ್ರ ಮಗಳು ಹಳೆಯ ಕಂಪನಿಗೆ ಅರ್ಜಿ ಹಾಕಿದಳು. ಖಾತೆ ಮುಚ್ಚಿದ್ದರಿಂದ ಹಳೆಯ ಖಾತೆ ಸಂಖ್ಯೆ ಹುಡುಕಬೇಕಾಯಿತು, ಅದಕ್ಕೊಂದಿಷ್ಟು ದಿನ ಹೋಯಿತು. ಸಂಖ್ಯೆ ಸಿಕ್ಕ ಮೇಲೆ ಕೆಲಸ ಬೇಗನೇ ಮುಗಿಯಿತು. ನಾನು ಮಾಡಿದ್ದು ಅಂಗಡಿಯ ವೈಫೈ ಕೊಟ್ಟದ್ದು ಮಾತ್ರ. ಅವಳ ಕೊನೆಯ ಕಂತು ಜಮೆಯಾದ ದಿನವೇ ಕಂಪನಿಯ ಕಂಪ್ಯೂಟರಿಗೆ ಅದು ಗೊತ್ತಿತ್ತು. ಒಂದು ದಿನ ತಡವಾದರೆ ದಂಡ ಹಾಕಲು ಬರುವ ಕಂಪ್ಯೂಟರಿಗೆ, ಹಣ ತೀರಿದ ದಿನ ತಾನಾಗಿ ಬೀಗ ತೆಗೆಯಲೂ ಬರುತ್ತದೆ. ಹಾಗೆ ಮಾಡು ಎಂದು ಹೇಳುವ ಒಂದು ಸಾಲಿನ ನಿಯಮ ಅಮೆರಿಕಕ್ಕೆ ಬೇಕಾಗಿದೆ.